ನಿಮ್ಮದು ಯಾವ ಮೀಡಿಯಂ?

‘ನಿಮ್ಮದು ಯಾವ ಮೀಡಿಯಂ?’ ಎಂದು ಯಾರಾದರೂ ಕೇಳಿದರೆ ನಾನು ಇಂದಿಗೂ ತಡವರಿಸುತ್ತೇನೆ. ನಿಜ ಹೇಳೋಣವೆಂದರೆ ನಿಜ ಯಾವುದೆಂದು ನನಗೇ ಗೊತ್ತಿಲ್ಲ. ನಿಜಾಮರ ಕಾಲದಲ್ಲಿ ನಾನು ಉರ್ದುವಿನ ಅಲಿಫ್ ಬೇ ತಿದ್ದಿದವನು. ಪೊಲೀಸ್ ಆ್ಯಕ್ಷನ್ ಮುಗಿದು ನಮ್ಮ ಗಡಿಯೂರಿನ ಶಾಲೆ ಮತ್ತೆ ತೆರೆದಾಗ ಅದೇ ಮಾಸ್ತರರು ಅದೇ ಹಲಗೆಯ ಮೇಲೆ ಮರಾಠಿ ಬಾರಾಖಡಿ ಬರೆದರು. ಪಾಪ, ಅವರೂ ಹಿಂದಿನ ದಿನವಷ್ಟೇ ಕಲಿತು ಬಂದಂತಿತ್ತು. ಮನೆಯಲ್ಲಿ ಮಾತ್ರ ಕನ್ನಡ. ಹೀಗೆ ಬಲದಿಂದ ಎಡಕ್ಕೆ ಓದಿ, ಎಡದಿಂದ ಬಲಕ್ಕೆ ಬರೆದು, ಓದಲೂ ಬರೆಯಲೂ ಬಾರದ ಭಾಷೆಯಲ್ಲಿ ಬೈಸಿಕೊಂಡು ಬೆಳೆದೆ.

ಹೈದರಾಬಾದಿನ ಕಾಲೇಜಿಗೆ ಹೋದಾಗ ಈ ಶಬ್ದದ ಬೆನ್ನು ಹತ್ತಿದೆ. ದಪ್ಪ ನಿಘಂಟು ತೆರೆದರೆ ಅದು ಲ್ಯಾಟಿನ್ ಮಾತಂತೆ; ‘ಮೀಡಿಯಸ್’ ಎಂದರೆ ನಡುವಿನದು. ನಮ್ಮ ‘ಮಧ್ಯ’ಕ್ಕೆ ದೂರದ ದಾಯಾದಿಯೂ ಹೌದಂತೆ. ಅಷ್ಟಕ್ಕೇ ಪುಸ್ತಕ ಮುಚ್ಚಿದ್ದರೆ ನೆಮ್ಮದಿಯಾಗಿರುತ್ತಿದ್ದೆ. ಆದರೆ ಕೆಳಗೆ ಇನ್ನೂ ಅರ್ಥಗಳಿದ್ದವು. ನಿಲಂಗಾದ ಅಂಗಡಿಯವ ನನ್ನ ಎದೆ ನೋಡಿ, ತುಸು ಅನುಮಾನಿಸಿ, ಕೊಟ್ಟ ಬನಿಯನ್ ಮೀಡಿಯಂ. ರೇಡಿಯೋದಲ್ಲಿ ಗೊರಗೊರ ಎನ್ನುವ ಪಟ್ಟಿ ಮೀಡಿಯಂ ವೇವ್. ಮೈಮೇಲೆ ಬಂದ ದೇವರ ಮಾತು ಆಡುವವನೂ ಮೀಡಿಯಂ; ಹಾಗಾದರೆ ನಮ್ಮೂರು ಗುಂಜೋಟಿಯ ಬೀರಪ್ಪನ ಪೂಜಾರಿಯೂ ಲ್ಯಾಟಿನ್ನಿಗೆ ಸೇರಿದವನೇ. ನನಗೆ ತಲೆ ಚಿಟ್ಟುಹಿಡಿಯಿತು. ನಡುವೆ ನಿಲ್ಲುವುದೆಂದರೆ ಎರಡು ಕಡೆಯವರನ್ನು ಕೂಡಿಸುವುದೋ, ಬೇರೆ ಮಾಡುವುದೋ? ಬಾಗಿಲಿರುವುದೂ ನಡುವೆ, ಗೋಡೆಯಿರುವುದೂ ನಡುವೆ. ನಿಘಂಟು ಈ ವಿಷಯದಲ್ಲಿ ಏನೂ ಹೇಳಲಿಲ್ಲ.

ನಾನು ಇಷ್ಟೆಲ್ಲ ತಲೆಕೆಡಿಸಿಕೊಳ್ಳಲು ಕಾರಣ ನನ್ನ ಅವ್ವ. ಶಾಲೆ ಮರಾಠಿಯಾದ ಹೊಸತರಲ್ಲಿ ತಂಗಿ ಶಾಂತಾಳನ್ನು ಒಂದನೆಯ ವರ್ಗಕ್ಕೆ ಹಾಕಿದೆವು. ಮನೆಯಲ್ಲಿ ಕಿವಿ ತೂತು ಬೀಳುವಂತೆ ಹರಟುತ್ತಿದ್ದ ಹುಡುಗಿ ಅಲ್ಲಿ ತುಟಿ ಎರಡು ಮಾಡಲಿಲ್ಲ. ಮೂಗಿಯೇನೋ ಎಂದು ಮಾಸ್ತರರಿಗೇ ಅನುಮಾನ ಬಂತು. ಊರಲ್ಲಿ ಕನ್ನಡ ವರ್ಗವೊಂದು ತೆರೆಯಬೇಕು, ಮಗಳು ಮಾತಾಡಬೇಕು; ಅವ್ವನಿಗೆ ಅದೊಂದೇ ಹಂಬಲ. ಅಂಥ ವರ್ಗ ಬೇಕೋ ಬೇಡವೋ ಎಂದು ವಿಚಾರಿಸಲು ತಾಲೂಕಿನ ಊರು ಉಮರ್ಗಾದಿಂದ ಸಾಹೇಬರೊಬ್ಬರು ಮನೆಮನೆಗೆ ಬಂದರು. ಅವ್ವ ಅವರನ್ನು ಕೂರಿಸಿ, ಚಹಾ ಕೊಟ್ಟು, ‘ಆಮಚ್ಯಾ ಘರೀ ಕಾನಡೀಚ ಬೋಲತೋ ಸಾಹೇಬ, ಪೋರೀಲಾ ಕಾನಡೀ ಶಾಳಾ ಪಾಹಿಜೆ’ ಎಂದಳು. ನಮ್ಮ ಮನೆಯಲ್ಲಿ ಕನ್ನಡವೇ ಆಡುವುದು, ಹುಡುಗಿಗೆ ಕನ್ನಡ ಶಾಲೆ ಬೇಕು ಎಂಬುದನ್ನು ಸೊಗಸಾದ ಮರಾಠಿಯಲ್ಲಿ ಬಹಳ ಹೊತ್ತು ವಾದಿಸಿದಳು. ಊರಲ್ಲಿ ಎಲ್ಲರದೂ ಹಾಗೆಯೇ. ಬಂದವರ ಜೊತೆ ಬಂದವರ ಮಾತನ್ನೇ ಆಡಬೇಕು. ಇಲ್ಲದಿದ್ದರೆ ಅದು ಚಹಾ ಕೊಡದೆ ಕಳಿಸಿದ ಹಾಗೆ. ಸಾಹೇಬರಿಗೆ ಖುಷಿಯೋ ಖುಷಿ. ಇಷ್ಟು ಚೆಂದ ಮರಾಠಿ ಇರುವ ಮನೆಗೆ ಕನ್ನಡ ವರ್ಗ ಯಾಕೆ ಎಂದು ನಕ್ಕು ಎದ್ದುಹೋದರು. ವರ್ಗ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. ‘ಬೀರಪ್ಪನ್ನ ನೋಡವ್ವಾ. ಮರಾಠಿ ಮಂದಿ ಬಂದು ಕೇಳಿದ್ರೂ ಕನ್ನಡದಾಗೇ ಉತ್ರ ಕೊಡ್ತಾನ. ನೀ ಯಾಕ ಕನ್ನಡ ಮಾತಾಡಲಿಲ್ಲ?’ ಎಂದೆ.

‘ದೇವ್ರು ಮನಿಯಾಂವಪ್ಪ. ಸಾಹೇಬ್ರು ಬಂದವ್ರು,’ ಎಂದಳು. ಸಾಹೇಬರ ಕಪ್ಪು ಬಸಿ ಎತ್ತಿಟ್ಟು, ‘ನಾ ಏನ್ ತಪ್ಪ ಮಾತಾಡಿದೆ? ಕನ್ನಡಾನೇ ಬೇಕು ಅಂದೆನಲ್ಲ?’ ಎಂದು ನನ್ನನ್ನೇ ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ತಪ್ಪು ಎಲ್ಲಾಯಿತೆಂದು ಅವಳಿಗೂ ತಿಳಿಯಲಿಲ್ಲ, ಕಾಲೇಜು ಕಲಿತ ಮೇಲೂ ನನಗೆ ತಿಳಿದಿಲ್ಲ.

ಶಾಂತಾ ಕೊನೆಗೆ ಶಾಲೆಯಲ್ಲಿ ಮಾತಾಡಿದಳು, ಮರಾಠಿಯಲ್ಲೇ. ಮಾತಾಡಿದ್ದಷ್ಟೇ ಅಲ್ಲ, ಜಾಣೆ ಎನಿಸಿಕೊಂಡು ಮುಂದೆ ಓದಲು ಉದಗೀರದ ಹೆಣ್ಣುಮಕ್ಕಳ ವಸತಿಗೃಹ ಸೇರಿದಳು. ರಜೆಗೆ ಬಂದಾಗಲೆಲ್ಲ ಅವಳ ಬಾಯಲ್ಲಿ ಕನ್ನಡ ಒಂದು ಹಿಡಿ ಕಡಿಮೆಯಾಗಿರುತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ, ಅವ್ವನಿಗೆ ಗೊತ್ತಿತ್ತು.

ನಮ್ಮ ತಾಲೂಕು ಮುಂಬಯಿ ರಾಜ್ಯಕ್ಕೆ ಸೇರಿದ ಮೇಲೆ ಒಂದು ದೀಪಾವಳಿಗೆ ಅವಳು ಟ್ರಂಕು ಹೊತ್ತು ಬಂದು ಬಾಗಿಲಲ್ಲಿ ‘ಆಯೀ, ಮೀ ಆಲೇ’ ಎಂದು ಕೂಗಿದಳು. ಅವ್ವಾ, ನಾ ಬಂದೆ. ಅವ್ವ ತಂಬಿಗೆಯಲ್ಲಿ ಕಾಲಿಗೆ ನೀರು ತಂದಳು. ‘ಯೇ ಬಾಯೀ, ಬಸ’ ಎಂದಳು. ಬಾ ತಾಯಿ, ಕೂಡು. ದನಿಯಲ್ಲಿ ಮುನಿಸಿರಲಿಲ್ಲ, ಅಣಕವಿರಲಿಲ್ಲ. ಮರ್ಯಾದೆಯಿತ್ತು.

ಶಾಂತಾ ಟ್ರಂಕು ಇಳಿಸಲಿಲ್ಲ. ಹೊಸ್ತಿಲಾಚೆಯೇ ನಿಂತುಬಿಟ್ಟಳು. ಆಮೇಲೆ ಮಾತು ಹುಡುಕಿ ಹುಡುಕಿ, ‘ಅವ್ವಾ, ನನ್ನ ಕೂಡ ಹಂಗ ಮಾತಾಡಬ್ಯಾಡ. ನಾ ಬಂದಾಕಿ ಅಲ್ಲ,’ ಎಂದಳು.

ಅವ್ವ ಕೈಯಲ್ಲಿನ ತಂಬಿಗೆಯನ್ನೊಮ್ಮೆ, ಮಗಳನ್ನೊಮ್ಮೆ ನೋಡಿದಳು. ತಂಬಿಗೆ ಹಿಂದಕ್ಕೆ ಎಳೆದುಕೊಂಡು ಒಳಗೆ ತಿರುಗಿದಳು.

‘ಹಂಗಾದ್ರ ನೀರು ನೀನೇ ತಗೋ. ಮನ್ಯಾಕಿಗಿ ನಾ ಯಾಕ ಕೊಡ್ಲಿ?’

ತಂಗಿ ಟ್ರಂಕು ಇಳಿಸಿ, ಅಳುತ್ತ ನಗುತ್ತ, ಬಚ್ಚಲಿಗೆ ಓಡಿದಳು.