ಗ್ಲಾಸಿನಲ್ಲಿ ಉಳಿದ ವೈನ್

1989ರ ಮಾರ್ಚ್ 18, ಶನಿವಾರ, ಬೆಳಗಿನ 5 ಗಂಟೆ 10 ನಿಮಿಷ. ವಿಶಾಖಪಟ್ಟಣದ ದ್ವಾರಕಾ ನಗರದ ಹೋಟೆಲೊಂದರ ಊಟದ ಹಾಲ್‌ನಲ್ಲಿ ವೈನ್ ನೋಡಿಕೊಳ್ಳುವ ಶ್ರೀಕಂಠ ಗೋಡೆಯ ಥರ್ಮಾಮೀಟರ್ ನೋಡಿ ಹಣೆ ಚಚ್ಚಿಕೊಳ್ಳುತ್ತಾರೆ. ಸೂರ್ಯ ಹುಟ್ಟುವ ಮೊದಲೇ ಇಪ್ಪತ್ತೇಳು ಡಿಗ್ರಿ. ಮೇಜಿನ ಮೇಲೆ ಆರು ಬಾಟಲಿ ಕೆಂಪು ವೈನ್ ನಿನ್ನೆಯಿಂದ ಬೇಯುತ್ತಿದೆ.

"ಮ್ಯಾನೇಜರು ಮತ್ತೆ ಹೊರಗಿಟ್ಟಿದ್ದಾರೆ ನೋಡಮ್ಮಾ! ರೂಮ್ ಟೆಂಪರೇಚರಲ್ಲಿ ಕೊಡಬೇಕು ಅಂತ ಪುಸ್ತಕದಲ್ಲಿದೆಯಂತೆ. ಯಾರ ರೂಮು? ಬರೆದೋನು ಚಳಿ ದೇಶದೋನು. ನಮ್ಮ ರೂಮಲ್ಲಿ ಸಾಯಂಕಾಲ ಮೂವತ್ತೆರಡು!"

ಕೇಳಿಸಿಕೊಳ್ಳುತ್ತಿರುವವರು ಅಡುಗೆಯ ಸೂರ್ಯಕಾಂತಮ್ಮ, ಬಳ್ಳಾರಿಯಿಂದ ಮದುವೆಯಾಗಿ ಬಂದವರು. ಇವತ್ತು ಸಂಜೆ ಹಡಗಿನ ಎಂಟು ಅತಿಥಿಗಳಿಗೆ ಐದು ಬಗೆಯ ಮೀನೂಟ. ಹೋದ ತಿಂಗಳು ಇದೇ ಮೇಜಿನ ಗ್ಲಾಸುಗಳಲ್ಲಿ 1,140 ಮಿಲಿಲೀಟರ್ ವೈನ್ ಉಳಿದಿತ್ತು. ಈ ಸಲವೂ ಉಳಿದರೆ ವೈನ್ ಬಂದ್, ಶ್ರೀಕಂಠ ಟೀ ಕೌಂಟರಿಗೆ. ಹಾಗೆಂದು ಮ್ಯಾನೇಜರ್ ದುರ್ಗಾಪ್ರಸಾದ್ ಹೇಳಿಬಿಟ್ಟಿದ್ದಾರೆ.

ನಂಜನಗೂಡಿನ ಶ್ರೀಕಂಠ ಓದಿದ್ದು ರಸಾಯನಶಾಸ್ತ್ರ. ಲ್ಯಾಬಿನ ಕೆಲಸ ಸಿಗಲಿಲ್ಲ. ವಿಜಯವಾಡದ ಗವರ್ನರ್‌ಪೇಟೆಯ ಹೋಟೆಲಿನಲ್ಲಿ ಸ್ಟೋರ್ ನೋಡಿಕೊಂಡಿದ್ದು, ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಬಂದರು. ಮೀನು ತಿನ್ನುವುದಿಲ್ಲ. ವೈನನ್ನು ಹನಿಯಷ್ಟು ನಾಲಿಗೆಗೆ ತಾಗಿಸಿ ಉಗುಳುತ್ತಾರೆ. ಮೀನಿನ ರುಚಿ ಏನಿದ್ದರೂ ಸೂರ್ಯಕಾಂತಮ್ಮನ ಬಾಯಿಂದಲೇ ತಿಳಿಯಬೇಕು.

"ಮೀನಿನ ಪುಲುಸಿಗೆ ಹುಣಸೆ ಎಷ್ಟಮ್ಮಾ?"

"ಕೈಗೆ ಬಂದಷ್ಟು, ಶ್ರೀಕಂಠಂಗಾರೂ."

"ಅಂದ್ರೆ ಎಷ್ಟು ಗ್ರಾಮು?"

"ನನ್ನ ಕೈಯನ್ನೇ ತಕ್ಕಡಿಗೆ ಹಾಕಿ ಬಾಬೂ!"

ಶ್ರೀಕಂಠ ನಗುವುದಿಲ್ಲ. ಆಕೆ ತೆಗೆದಿಟ್ಟ ಹುಣಸೆಯನ್ನು ತೂಗುತ್ತಾರೆ: ಎಂಬತ್ತೈದು ಗ್ರಾಂ. ಪುಲುಸು ಅಂದರೆ ಹುಣಸೆಯ ಸಾರು; ವೈನಿನ ಹುಳಿ ಆ ಸಾರಿನ ಹುಳಿಗಿಂತ ಕಡಿಮೆಯಾದರೆ ವೈನ್ ನೀರಿನಂತೆ ಸಪ್ಪೆ. ಕೆಂಪು ವೈನಾದರಂತೂ ಮೀನಿನ ಜೊತೆ ತುಕ್ಕಿನ ರುಚಿ. ಹುಳಿ ಹೆಚ್ಚಿರುವ ಬಿಳಿ ವೈನೇ ಬೇಕು, ಅದೂ ಎಂಟು ಡಿಗ್ರಿಯಲ್ಲಿ. ಇದನ್ನು ಮ್ಯಾನೇಜರಿಗೆ ಹೇಳಿ ಹೇಳಿ ಶ್ರೀಕಂಠರ ಗಂಟಲು ಒಣಗಿದೆ.

ಮಧ್ಯಾಹ್ನ ಮೂರಕ್ಕೆ ಅವರು ಹೇಳುವುದನ್ನೇ ಬಿಡುತ್ತಾರೆ. ಒಂದು ತುಂಡು ಹುರಿದ ಮೀನು, ಮೇಜಿನ ಮೇಲಿದ್ದ ಕೆಂಪು ವೈನ್ ಒಂದು ಗ್ಲಾಸು, ಎರಡನ್ನೂ ಮ್ಯಾನೇಜರ್ ಮುಂದಿಡುತ್ತಾರೆ. ದುರ್ಗಾಪ್ರಸಾದ್ ಕಚ್ಚಿ, ಗುಟುಕರಿಸಿ, ಮುಖ ಕಿವುಚುತ್ತಾರೆ.

"ಏಮಯ್ಯಾ ಇದು, ಮೊಳೆ ನೆಕ್ಕಿದ ಹಾಗಿದೆ!"

"ಪುಸ್ತಕದ ಪ್ರಕಾರವೇ ಸಾರ್. ತಮ್ಮ ರೂಮಿನ ಟೆಂಪರೇಚರು."

"ಸರಿ, ನಿನ್ನಿಷ್ಟ. ಉಳಿದರೆ ಮಾತ್ರ ಟೀ ಕೌಂಟರು."

ಆಮೇಲೆ ಕರೆಂಟು ಹೋಗಿ ಫ್ರಿಜ್ ನಿಲ್ಲುತ್ತದೆ. ಶ್ರೀಕಂಠ ಬೈದುಕೊಳ್ಳುತ್ತಲೇ ಮೀನುಗಾರಿಕೆ ಬಂದರಿನಿಂದ ಐಸ್ ತರಿಸಿ, ಉಪ್ಪು ಬೆರೆಸಿ, ಬಿಳಿ ವೈನಿನ ಬಾಟಲಿಗಳನ್ನು ಹೂಳುತ್ತಾರೆ. ಏಳೂವರೆಗೆ ಎಂಟು ಡಿಗ್ರಿ. ಏಡಿಗೆ ತೆಳುವಾದದ್ದು, ಪುಲುಸಿಗೆ ಅತಿ ಹುಳಿಯದ್ದು, ಖಾರದ ಸೀಗಡಿಗೆ ತುಸು ಸಿಹಿಯಿರುವುದು.

ಅತಿಥಿಗಳು ಎದ್ದ ಮೇಲೆ ಗ್ಲಾಸುಗಳನ್ನು ಒಂದೊಂದಾಗಿ ಅಳತೆಯ ಜಾಡಿಗೆ ಬಗ್ಗಿಸುತ್ತಾರೆ. ಇನ್ನೇನು ಬೇಕು ಎಂದು ದುರ್ಗಾಪ್ರಸಾದ್ ಕೇಳಿದರೆ, "ಇನ್ನೊಂದು ಥರ್ಮಾಮೀಟರು ಸಾರ್. ತಮ್ಮ ರೂಮಿಗೆ" ಎನ್ನುತ್ತಾರೆ. ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎರಡು ಸಲ ನೋಡಿ ಬರೆದುಕೊಳ್ಳುತ್ತಾರೆ.

ಎಂಟು ಮಂದಿಯ ಗ್ಲಾಸುಗಳಲ್ಲಿ ಉಳಿದದ್ದು ಒಟ್ಟು 35 ಮಿಲಿಲೀಟರ್.