ಸೀನಿದರೆ ಗುಣ

ನಶ್ಯದಜ್ಜನದು ಆಯುಷ್ಯವೆಲ್ಲ ಹೊಗೆಸೊಪ್ಪು ಅರೆದು ನಶ್ಯ ಮಾರಿದ ಕೈ. ಬೀದಿಯ ಅರ್ಧ ಮೂಗುಗಳು ಅವನ ಹಿಡಿತದಲ್ಲಿದ್ದವು. ಕೊಂಡವರು ಅಂಗಡಿಯ ಮೆಟ್ಟಿಲ ಮೇಲೆಯೇ ಚಿಟಿಕೆ ಏರಿಸಿ ಸೀನಬೇಕು. ಸೀನು ಬರದಿದ್ದರೆ ಸರಕೇ ಸುಳ್ಳು ಎನ್ನುವ ಜಾತಿಯವನು.

ಹೆಂಡತಿಗೆ ಮರೆವಿನ ರೋಗ ಅಂಟಿತು. ಕಟ್ಟಿಕೊಂಡ ಗಂಡನನ್ನೇ "ನೀವ್ಯಾರು?" ಎಂದು ಕೇಳತೊಡಗಿದಳು. ಡಾಕ್ಟರು ಮೂಗಿಗೆ ಹೊಡೆಯುವ ಹೊಸ ಔಷಧಿ ಕೊಟ್ಟು, ಇದು ಮೂಗಿನೊಳಗಿಂದಲೇ ನೇರ ಮಿದುಳಿಗೆ ಹೋಗುತ್ತದೆ ಎಂದರು. "ಮೂಗಿನ ವಿಷಯ ನಂಗೆ ಹೇಳ್ಕೊಡ್ಬೇಕಾ?" ಎಂದು ಅಜ್ಜ ಬಹಳ ದಿನಗಳ ಮೇಲೆ ನಕ್ಕ. ದಿನವೂ ಔಷಧಿ ಹೊಡೆದ ಕೂಡಲೇ ಬಟ್ಟೆಯ ಬತ್ತಿ ಹೊಸೆದು ಅವಳ ಮೂಗನ್ನು ಕೆರಳಿಸುತ್ತಿದ್ದ. ಸೀನಿದಳೋ, "ಭೇಷ್ ಕಣೇ!" ಎಂದು ಬೆನ್ನು ತಟ್ಟುತ್ತಿದ್ದ. ಅವಳ ಮುಖ ಮಗುವಿನಂತೆ ಅರಳುತ್ತಿತ್ತು.

ತಿಂಗಳುಗಳು ಕಳೆದರೂ ಗುಣ ಕಾಣಲಿಲ್ಲ. ಒಂದು ಬೆಳಿಗ್ಗೆ ಮನೆಗೆ ಬಂದ ನರ್ಸು ಈ ಬತ್ತಿಯ ಕೆಲಸ ಕಂಡು ಹಣೆ ಚಚ್ಚಿಕೊಂಡಳು. "ಅಯ್ಯೋ ಅಜ್ಜಾ! ಸೀನಿದ್ರೆ ಔಷಧಿಯೆಲ್ಲ ಹೊರಗೇ ಹೋಯ್ತಲ್ಲ. ಇಷ್ಟು ದಿನ ಮಾಡಿದ್ದು ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗಾಯ್ತು."

ಮರುದಿನ ಅಜ್ಜ ಬತ್ತಿಯನ್ನು ಒಲೆಗೆಸೆದು, ಔಷಧಿ ಹೊಡೆದು, "ಇವತ್ತು ಸೀನ್ಬೇಡ ಕಣೇ, ಸುಮ್ನೆ ಕೂತ್ಕೋ" ಎಂದ.

ಅವಳು ಅವನನ್ನೇ ನೋಡಿದಳು. ಆಮೇಲೆ ತಾನೇ ಕರವಸ್ತ್ರದ ತುದಿ ಹೊಸೆದು, ಮೂಗಿಗೆ ತುರುಕಿ, ಜೋರಾಗಿ ಸೀನಿದಳು. ಸೀನಿ, ತಟ್ಟಿಸಿಕೊಳ್ಳಲೆಂದು ಅವನತ್ತ ಬೆನ್ನು ತಿರುಗಿಸಿ ಕುಳಿತಳು.