ಫೈರಿಂಜಿನ್ನಿನ ಮೆಟ್ಟಿಲ ಮೇಲೆ ಲಕ್ಷ್ಮಿ

ಆಗೆಲ್ಲ ಆಂಧ್ರದ ಗಡಿಯೊಳಗಿನ ನಮ್ಮ ಆದವಾನಿಗೆ ದೀಪಾವಳಿ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು. ಹತ್ತಿಯ ಸುಗ್ಗಿ, ಪಟಾಕಿಯ ಸುಗ್ಗಿ ಎರಡೂ ಒಟ್ಟಿಗೇ ಬರುವ ಊರು ನಮ್ಮದು. ಜಿನ್ನಿಂಗ್ ಮಿಲ್ಲುಗಳ ಕಡೆಯಿಂದ ಹತ್ತಿಕಾಳಿನ ಜಿಡ್ಡು ವಾಸನೆ, ಓಣಿಯೊಳಗೆ ಕರ್ಚಿಕಾಯಿ ಕರಿಯುವ ವಾಸನೆ, ಇವೆರಡರ ನಡುವೆ ನಮ್ಮ ಅಂಗಡಿಯ ಮದ್ದಿನ ಘಾಟು. ಬಂಡಿಗಳಿಂದ ಹಾರಿದ ಹತ್ತಿಯ ಎಳೆಗಳು ರಸ್ತೆಬದಿಯ ಬೇವಿನ ಮರಗಳಿಗೆ, ಕರೆಂಟಿನ ತಂತಿಗಳಿಗೆ, ನಮ್ಮ ಎಣ್ಣೆ ಹಚ್ಚಿದ ಜಡೆಗಳಿಗೆ ಅಂಟಿಕೊಂಡಿರುತ್ತಿದ್ದವು. ಶಾಲೆಗೆ ಹೋದರೆ ಟೀಚರು, "ಏನೇ ಪಾರಿ, ಒಂದೇ ರಾತ್ರಿಗೆ ಮುದುಕಿ ಆದೇನು?" ಎಂದು ನಗುತ್ತಿದ್ದರು.

ನಮ್ಮಪ್ಪನದು ಬಜಾರಿನಲ್ಲಿ ಕಿರಾಣಿ ಅಂಗಡಿ. ದೀಪಾವಳಿ ಹತ್ತಿರ ಬಂತೆಂದರೆ ಜೋಳದ ಚೀಲ, ಬೆಲ್ಲದ ಪೆಂಟೆಗಳೆಲ್ಲ ಹಿಂದಕ್ಕೆ ಸರಿದು ಪಟಾಕಿ ಮುಂದಕ್ಕೆ ಬರುತ್ತಿತ್ತು. ಅಪ್ಪ ಸರಪಟಾಕಿಗಳನ್ನು ಬಿಡಿಸಿ, ಚೆಂಡುಹೂವಿನ ಮಾಲೆಯಂತೆ ಅಂಗಡಿಯ ಮುಂದೆ ಇಳಿಬಿಡುತ್ತಿದ್ದ. ಸುರುಸುರುಬತ್ತಿಯ ಡಬ್ಬಿಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸುವುದು ನನ್ನ ಹಕ್ಕು. ಅದಕ್ಕೆ ಬೇರೆ ಯಾರಾದರೂ ಕೈಹಚ್ಚಿದರೆ ನಾನು ಅತ್ತು ರಂಪ ಮಾಡುತ್ತಿದ್ದೆ. ಹೂಕುಂಡಕ್ಕೆ ಒಬ್ಬರು ಚಿಚ್ಚುಬುಡ್ಡಿ ಅನ್ನುವರು, ಇನ್ನೊಬ್ಬರು ಮತಾಬು ಅನ್ನುವರು. ಹೊಳಗುಂದದ ಕಡೆಯ ರೈತರು ಬಂದು "ದೊಡ್ಡ ಸಪ್ಪಳದ್ದು ಕೊಡ್ರಿ" ಎಂದಷ್ಟೇ ಕೇಳುತ್ತಿದ್ದರು. ಅಪ್ಪನಿಗೆ ಎಲ್ಲರ ಮಾತೂ ತಿಳಿಯುತ್ತಿತ್ತು.

ಆ ಪಟಾಕಿಯ ನಡುವೆಯೇ, ಹಿಂದಿನ ಗೋಡೆಯ ಗೂಡಿನಲ್ಲಿ, ಅಮಾವಾಸ್ಯೆಯ ಸಂಜೆ ಲಕ್ಷ್ಮಿಯ ಮುಂದೆ ಹಿತ್ತಾಳೆಯ ದೀಪ ಉರಿಯುತ್ತಿತ್ತು. ಈಗ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. ಆಗ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಆ ದೀಪವನ್ನು ಅಂಗಡಿಯಲ್ಲಿ ಕಡ್ಡಿ ಗೀರಿ ಹಚ್ಚುವಂತಿರಲಿಲ್ಲ. ಮನೆಯ ದೇವರ ಜಗುಲಿಯ ದೀಪದಿಂದ ಹಚ್ಚಿಕೊಂಡು, ಲಾಟೀನಿನೊಳಗಿಟ್ಟು, ಮನೆಯ ಹೆಂಗಸೇ ನಡೆದು ಅಂಗಡಿಗೆ ಒಯ್ಯಬೇಕು. ನಮ್ಮ ಅಜ್ಜಿ ಅಪ್ಪನ ಮದುವೆಗೂ ಮುಂಚಿನಿಂದ ಅದನ್ನು ಒಯ್ದವಳು. ತೀರಿಕೊಳ್ಳುವ ಮೊದಲು ಆ ಲಾಟೀನನ್ನು ಅವ್ವನ ಕೈಗೆ ಕೊಟ್ಟು, "ಅಂಗಡಿ ಕತ್ತಲ ಇರಬಾರದವಾ" ಎಂದಿದ್ದಳು. ನಾನು ಹೇಳುತ್ತಿರುವುದು ಅಜ್ಜಿ ಇಲ್ಲದ ಮೊದಲ ದೀಪಾವಳಿಯ ಮಾತು.

ಅದೇ ವರ್ಷ ಹೊಸ ರೂಲು ಬಂತು. ಎಲ್ಲೋ ಒಂದು ಊರಲ್ಲಿ ಪಟಾಕಿ ಅಂಗಡಿಗೆ ಬೆಂಕಿ ಬಿದ್ದಿತ್ತಂತೆ. ಇನ್ನು ಹತ್ತಿಯ ಊರಲ್ಲಿ, ಬಜಾರಿನ ನಡುವೆ ಬಿದ್ದರೆ ಗತಿ ಏನು ಎಂದು ಸರಕಾರಕ್ಕೆ ಚಿಂತೆಯಾಯಿತು. ಬಜಾರಿನಲ್ಲಿ ಪಟಾಕಿ ಮಾರಾಟ ಬಂದ್. ಊರ ಹೊರಗಿನ ಶಾಲೆಯ ಮೈದಾನದಲ್ಲಿ ತಗಡಿನ ಶೆಡ್ಡು ಹಾಕಿ, ಲೈಸೆನ್ಸು ಪಡೆದವರು ಮಾತ್ರ ಅಲ್ಲಿ ಮಾರಬೇಕು. ಅಪ್ಪ ಅಂದು ಮನೆಗೆ ಬಂದು, ಕಾಲು ತೊಳೆಯದೆ ಪಡಸಾಲೆಯಲ್ಲೇ ಕೂತು ರೂಲುಗಳನ್ನು ಹೇಳತೊಡಗಿದ.

"ಶೆಡ್ಡಿಗೆ ಶೆಡ್ಡು ಹತ್ತಿರಬಾರದಂತ. ಉಸುಗಿನ ಬಕೀಟು ಇರಬೇಕು, ನೀರಿನ ಡ್ರಮ್ಮು ಇರಬೇಕು. ಬಟ್ಟಿ ಶಾಮಿಯಾನ ನಡಿಯಂಗಿಲ್ಲ. ಸರಪಟಾಕಿ ಹೊರಗ ತೂಗು ಹಾಕಂಗಿಲ್ಲ. ಮುಂದ ಇಡಬೇಕಂದ್ರ ಖಾಲಿ ಡಬ್ಬಿ ಇಡಬೇಕಂತ."

"ಖಾಲಿ ಡಬ್ಬಿ ನೋಡಿ ಯಾರ್ ತಗೋತಾರಪ್ಪಾ?" ಎಂದೆ ನಾನು. ನನ್ನ ಮೆಟ್ಟಿಲುಗಳೆಲ್ಲ ಒಂದೇ ಏಟಿಗೆ ಪೊಳ್ಳಾಗಿದ್ದವು.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ದೀಪ?"

"ದೀಪ ಇಲ್ಲ. ಬೀಡಿ ಇಲ್ಲ, ಕಡ್ಡಿಪೆಟ್ಟಿಗಿ ಇಲ್ಲ, ಊದಿನಕಡ್ಡಿ ಸೈತ ಇಲ್ಲ. ಶೆಡ್ಡಿನಾಗ ಬೆಂಕಿ ಕಂಡ್ರ ಅವತ್ತೇ ಲೈಸೆನ್ಸು ರದ್ದು, ಮಾಲೆಲ್ಲ ಜಪ್ತಿ."

"ಲಕ್ಷ್ಮಿ ಪೂಜಿ ದಿನ ಅಂಗಡ್ಯಾಗ ದೀಪ ಇಲ್ದಂಗ ಹೆಂಗ್ರೀ?"

"ಮನ್ಯಾಗ ಹಚ್ಚು. ಆಕಿ ಎಲ್ಲಿದ್ರೂ ಲಕ್ಷ್ಮಿನ."

ಅವ್ವನ ಮುಂದಿನ ರೊಟ್ಟಿಗೆ ಬಿದ್ದ ಏಟುಗಳು ಪಕ್ಕದ ಮನೆಗೂ ಕೇಳಿಸಿರಬೇಕು. ಅಪ್ಪನದೂ ತಪ್ಪಲ್ಲ. ಆಫೀಸೆಂದರೆ ಅವನಿಗೆ ಮೊದಲಿನಿಂದಲೂ ಅಂಜಿಕೆ. ಯೂನಿಫಾರಂ ಹಾಕಿದ ಪೋಸ್ಟ್‌ಮ್ಯಾನ್ ಬಂದರೂ ಎದ್ದು ನಿಲ್ಲುತ್ತಿದ್ದ. ದೀಪಾವಳಿಯ ವ್ಯಾಪಾರ ಕೆಟ್ಟರೆ ಚಳಿಗಾಲವಿಡೀ ಮನೆಯಲ್ಲಿ ಕೈ ಬಿಗಿ. ಇತ್ತ ಅವ್ವನಿಗೆ ಅಜ್ಜಿಯ ಮಾತು. ಕೈಗೆ ಬಂದ ಮೊದಲ ವರ್ಷವೇ ಆ ದೀಪ ತಪ್ಪಿಹೋದರೆ ಆಕೆ ಯಾರಿಗೆ ಮುಖ ತೋರಿಸಬೇಕು? ಜಗುಲಿಯ ಮೇಲಿದ್ದ ಅಜ್ಜಿಯ ಫೋಟೋವನ್ನು ಆ ವಾರವೆಲ್ಲ ಆಕೆ ಸರಿಯಾಗಿ ನೋಡಲೇ ಇಲ್ಲ.

ಅಮಾವಾಸ್ಯೆಯ ಸಂಜೆ ಅಪ್ಪ ಆಗಲೇ ಶೆಡ್ಡಿಗೆ ಹೋಗಿಯಾಗಿತ್ತು. ಅವ್ವ ತಲೆಸ್ನಾನ ಮಾಡಿ, ಹಣೆತುಂಬ ವಿಭೂತಿ ಹಚ್ಚಿ, ಎಮ್ಮಿಗನೂರಿನ ಹಸಿರು ಸೀರೆ ಉಟ್ಟು ಬಂದಳು. ಜಗುಲಿಯ ದೀಪಕ್ಕೆ ಬತ್ತಿ ತಾಗಿಸಿ, ಉರಿಯುವ ದೀಪವನ್ನು ಲಾಟೀನಿನೊಳಗಿಟ್ಟು, ಅದರ ಪುಟ್ಟ ಬಾಗಿಲು ಹಾಕಿದಳು. ನನ್ನ ಕೈಗೆ ಕರ್ಚಿಕಾಯಿಯ ಡಬ್ಬಿ ಬಂತು.

"ಅವ್ವಾ, ಅಪ್ಪ ಬೈತಾನ."

"ಬೈಲಿ. ನೀ ಸೆರಗು ಹಿಡಕೊಂಡು ನಡಿ."

ಆ ನಡಿಗೆಯನ್ನು ನಾನು ಮರೆತಿಲ್ಲ. ಓಣಿಯ ಹುಡುಗರು ಲಕ್ಷ್ಮಿ ಪಟಾಕಿಗೆ ಕಡ್ಡಿ ತಾಗಿಸಿ ಓಡುತ್ತಿದ್ದರು. ಅವ್ವನ ಕೈಯಲ್ಲಿ ಲಾಟೀನು ಕಂಡೊಡನೆ, "ಏ ನಿಲ್ಲ್ರೋ, ದೀಪ ಹೊಂಟೈತಿ" ಎಂದು ದಾರಿ ಬಿಟ್ಟರು. ಬಜಾರಿನಲ್ಲಿ ನಮ್ಮ ಅಂಗಡಿಯ ಬಾಗಿಲು ಮುಚ್ಚಿತ್ತು, ಗಲ್ಲಾ ಶೆಡ್ಡಿಗೆ ಹೋಗಿತ್ತು; ಗಲ್ಲಾ ಇದ್ದಲ್ಲೇ ದೀಪ. ಅವ್ವ ಅತ್ತ ಒಮ್ಮೆ ತಿರುಗಿ ನೋಡಿ ಹೆಜ್ಜೆ ಜೋರುಮಾಡಿದಳು. ಗಾಳಿ ಎದ್ದಾಗಲೆಲ್ಲ ನಾನು ಆಕೆಗೂ ಗಾಳಿಗೂ ಅಡ್ಡ ನಿಲ್ಲುತ್ತಿದ್ದೆ. ಲಾಟೀನಿಗೆ ಗಾಜಿತ್ತು ಎಂಬುದು ಬೇರೆ ಮಾತು.

ಮೈದಾನದ ಗೇಟಿನ ಹೊರಗೆ ಒಂದು ಕಡೆ ಕೆಂಪು ಫೈರಿಂಜಿನ್ನು ನಿಂತಿತ್ತು. ರಸ್ತೆಯ ಆಚೆ ಬದಿಗೆ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಮಾರುವ ಬಂಡಿಯವನನ್ನು ಅಟ್ಟಿದ್ದರು. ಅವನ ಒಲೆಗೂ ಒಳಗೆ ಜಾಗವಿರಲಿಲ್ಲ. ಗೇಟಿನಲ್ಲಿ ಕಾನ್‌ಸ್ಟೇಬಲ್ ಒಬ್ಬ ಒಳಗೆ ಹೋಗುವ ಗಂಡಸರ ಜೇಬು ತಡವಿ, ಬೀಡಿ ಕಡ್ಡಿಪೆಟ್ಟಿಗೆಗಳನ್ನು ತಗಡಿನ ಡಬ್ಬಿಗೆ ಹಾಕಿಸಿಕೊಳ್ಳುತ್ತಿದ್ದ. ಅಂಥ ಗೇಟಿನ ಕಡೆಗೆ ನಮ್ಮವ್ವ ಉರಿಯುವ ದೀಪ ಹಿಡಿದು, ತೇರಿನ ಮುಂದೆ ನಡೆದವಳಂತೆ ನೆಟ್ಟಗೆ ನಡೆದಳು.

"ಏ ಬೆಂಕಿ! ಬೆಂಕಿ!" ಎಂದು ಯಾರೋ ಕೂಗಿದರು. ಜನ ಎರಡೂ ಕಡೆಗೆ ಚದುರಿತು. ಕಾನ್‌ಸ್ಟೇಬಲ್ ಕೈ ಅಡ್ಡಹಿಡಿದ.

"ಏನಮ್ಮಾ, ಪಟಾಕಿ ಅಂಗಡಿಗೆ ಯಾರಾದ್ರೂ ಬೆಂಕಿ ಹಿಡಕೊಂಡು ಬರ್ತಾರೇನ್ರಿ?"

"ಬೆಂಕಿ ಅಲ್ಲಪ್ಪಾ, ದೀಪ. ನಮ್ಮ ಅಂಗಡಿದು."

"ಅದನ್ನ ಆರಿಸಿ ಒಳಗ ಹೋಗ್ರಿ. ಇಲ್ಲಂದ್ರ ಆ ಮಿರ್ಚಿ ಬಂಡಿ ಹತ್ತಿರ ಇಟ್ಟು ಬರ್ರಿ."

"ಲಕ್ಷ್ಮಿನ ಮಿರ್ಚಿ ಬಂಡಿ ಪಕ್ಕ ಕುಂದ್ರಸ್ಲೇನು? ಆಕಿಗೇನು ಒಗ್ಗಾಣಿ ಬೇಕಾಗೈತಿ?"

ಸುತ್ತಲಿದ್ದವರು ನಕ್ಕರು. ಅಷ್ಟರಲ್ಲಿ ಸುದ್ದಿ ಮುಟ್ಟಿ ಅಪ್ಪ ಓಡಿಬಂದ. ಅವನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. "ನಿನಗೇನ್ ತಲಿ ಕೆಟ್ಟೈತೇನು? ಲೈಸೆನ್ಸು ಕೊಟ್ಟ ಸಾಹೇಬ್ರು ಒಳಗ ರೌಂಡು ಬಂದಾರ. ಲೈಸೆನ್ಸು ಹೋದ್ರ ನಾವು ಏನ್ ಮಾಡೂಣು? ಮನಿಗಿ ನಡಿ!" ಎಂದು ಹಲ್ಲು ಕಚ್ಚಿಕೊಂಡು ಹೇಳಿದ.

"ಹೊರಗ ತಂದ ದೀಪ ವಾಪಸ್ ಒಯ್ಯಂಗಿಲ್ಲರಿ. ನೀವು ಒಳಗ ಹೋಗ್ರಿ, ಗಿರಾಕಿ ಕಾಯ್ತಾರ. ನಾ ಇಲ್ಲೇ ಕುಂದ್ರತೀನಿ."

ಹೇಳಿದವಳೇ ಮಣ್ಣಿನ ಮೇಲೆ, ಆ ಹಸಿರು ಸೀರೆಯಲ್ಲೇ ಕೂತುಬಿಟ್ಟಳು. ಲಾಟೀನು ಮಡಿಲಲ್ಲಿ. ಆಕೆಯ ಕಣ್ಣು ತುಂಬಿದ್ದು ನನಗೊಬ್ಬಳಿಗೇ ಕಂಡಿತು. ನನಗೆ ಅಪ್ಪನ ಮೇಲೂ ಸಿಟ್ಟು, ಕಾನ್‌ಸ್ಟೇಬಲ್ ಮೇಲೂ ಸಿಟ್ಟು. ಆದರೆ ಯಾರನ್ನು ಬೈಯಬೇಕೆಂದು ತಿಳಿಯದೆ ಡಬ್ಬಿಯನ್ನು ಅಪ್ಪಿಕೊಂಡು ನಿಂತೆ.

ಆಗ ಫೈರಿಂಜಿನ್ನಿನಿಂದ ಒಬ್ಬ ಹಿರಿಯರು ಇಳಿದು ಬಂದರು. ಬಿಳಿಮೀಸೆ, ಖಾಕಿ ಬಟ್ಟೆ. ಕರಾವಳಿಯ ಕಡೆಯ ತೆಲುಗಿನವರು, ನಮ್ಮ ಊರಿಗೆ ವರ್ಗವಾಗಿ ಬಂದವರು. ನಾವು ಆಮೇಲೆ ಅವರನ್ನು ಫೈರಿಂಜಿನ್ ತಾತ ಎಂದೇ ಕರೆದೆವು. ಅವರು ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, ದೀಪವನ್ನೊಮ್ಮೆ ನೋಡಿ, ಕನ್ನಡ ಬಾರದ್ದಕ್ಕೆ ತೆಲುಗಿನಲ್ಲೇ ಹೇಳಿದರು.

"ಲೋಪಲಿಕಿ ವದ್ದಮ್ಮಾ. ಕಾನಿ ದೀಪಂ ಆರ್ಪಮನಿ ನೇನು ಚೆಪ್ಪಲೇನು."

ಒಳಗೆ ಬೇಡ ತಾಯೀ, ಆದರೆ ದೀಪ ಆರಿಸು ಎಂದು ನಾನು ಹೇಳಲಾರೆ. ಹಗಲು ರಾತ್ರಿ ಬೆಂಕಿ ಆರಿಸುವುದೇ ಕೆಲಸವಾದ ಮನುಷ್ಯ ಹೀಗೆಂದಾಗ ಕಾನ್‌ಸ್ಟೇಬಲ್ ಕೂಡ ಅಡ್ಡಹಿಡಿದ ಕೈ ಇಳಿಸಿದ. ತಾತ ಎದ್ದು ತಮ್ಮ ಫೈರಿಂಜಿನ್ನಿನ ಕಡೆ ಕೈ ತೋರಿಸಿದರು. ಮೈದಾನಕ್ಕೆ ಬೆನ್ನಾದ ಬದಿಯಲ್ಲಿ, ಹತ್ತುವ ಕಬ್ಬಿಣದ ಮೆಟ್ಟಿಲಿತ್ತು. ಅಲ್ಲಿಡಮ್ಮಾ, ಶೆಡ್ಡುಗಳು ದೂರ ಇವೆ, ಮೇಲೆ ನೀರಿನ ಟ್ಯಾಂಕಿದೆ, ನಾನು ಪಕ್ಕದಲ್ಲೇ ಕಾಯುತ್ತೇನೆ ಎಂದರು. ಊರಿನಲ್ಲಿ ಅದಕ್ಕಿಂತ ಭದ್ರವಾದ ಜಾಗ ಲಕ್ಷ್ಮಿಗೆ ಯಾರು ತಾನೇ ಕೊಡುತ್ತಿದ್ದರು?

ಅವ್ವ ಎದ್ದು ಮಣ್ಣು ಝಾಡಿಸಿಕೊಂಡಳು. ಮೆಟ್ಟಿಲನ್ನು ಸೆರಗಿನಿಂದ ಒರೆಸಿ, ವಿಭೂತಿ ಎಳೆದು, ಕುಂಕುಮವಿಟ್ಟು, ದೀಪ ಇಟ್ಟಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ದೀಪ ಅಂಗಡಿಗಿ ಬರಂಗಿಲ್ಲ ಅಂದ್ರ ಅಂಗಡಿ ದೀಪದ ಕಡಿ ಬರಲಿ. ಗಲ್ಲಾ ತಗೊಂಡು ಬರ್ರಿ."

ಅಪ್ಪ ಒಂದು ಗಳಿಗೆ ಆಕೆಯನ್ನೇ ನೋಡಿದ. ನಂತರ ಒಳಗೆ ಹೋದವನು, ಕಟ್ಟಿಗೆಯ ಗಲ್ಲಾಪೆಟ್ಟಿಗೆಯನ್ನು ಮಗುವಿನಂತೆ ಎದೆಗವಚಿಕೊಂಡು ಬಂದ. ಅದನ್ನು ಮೆಟ್ಟಿಲ ಕೆಳಗಿಟ್ಟು, ಯೂನಿಫಾರಂ ಹಾಕಿದ ತಾತನ ಮುಂದೆ ಏನು ಮಾಡಬೇಕೆಂದು ತೋಚದೆ, ಅವರಿಗೂ ಒಂದು ನಮಸ್ಕಾರ ಹಾಕಿದ. ತಾತ ನಕ್ಕು ಅವನ ಬೆನ್ನು ತಟ್ಟಿದರು.

ನಮ್ಮ ಪಕ್ಕದ ಶೆಡ್ಡಿನ ಖಾದರ್ ಮಾಮಾ ಇದನ್ನೆಲ್ಲ ನೋಡುತ್ತಿದ್ದ. ಬಜಾರಿನಲ್ಲೂ ಅವನದು ನಮ್ಮ ಪಕ್ಕದ ಅಂಗಡಿಯೇ. ಪ್ರತಿವರ್ಷ ಅಜ್ಜಿಯ ಪೂಜೆಯ ಪ್ರಸಾದಕ್ಕೆ ಮೊದಲು ಕೈಯೊಡ್ಡುವವನು ಅವನೇ. ಅವನೂ ತನ್ನ ಗಲ್ಲಾ ಹೊತ್ತು ತಂದ. "ಭಾಬಿ, ಹಮಾರಾ ಬೀ ರಖ್ ಲೇವ್, ನಮ್ದೂ ಇಟ್ಕೋರಿ. ನಿಮ್ಮ ಅತ್ತಿ ಇದ್ದಾಗ ನಮ್ಮ ಅಂಗಡಿಗೂ ಬೆಳಕು ಬರ್ತಿತ್ತಲ್ಲ" ಎಂದ. ಅವ್ವನಿಗೆ ಅಲ್ಲಿಯವರೆಗೆ ತಡೆದಿದ್ದ ಅಳು ಬಂದೇಬಿಟ್ಟಿತು. ಅವನನ್ನು ನೋಡಿ ಮತ್ತೊಬ್ಬ, ಮತ್ತೊಬ್ಬನನ್ನು ನೋಡಿ ಇನ್ನೊಬ್ಬ. ಒಬ್ಬ ತಗಡಿನ ಡಬ್ಬಿ ತಂದ, ಒಬ್ಬ ಬೀಗದ ಸಂದೂಕು ತಂದ, ಗಲ್ಲಾ ಇಲ್ಲದವನೊಬ್ಬ ತಾನು ದುಡ್ಡು ಹಾಕುವ ಬಿಸ್ಕತ್ತಿನ ಡಬ್ಬಿಯನ್ನೇ ತಂದಿಟ್ಟ. ಫೈರಿಂಜಿನ್ನಿನ ಮುಂದೆ ಗಲ್ಲಾಗಳ ಸಾಲು. ಅವ್ವ ಎಲ್ಲಕ್ಕೂ ಕುಂಕುಮವಿಟ್ಟು ಆರತಿ ಬೆಳಗಿದಳು.

ರೌಂಡು ಮುಗಿಸಿ ಬಂದ ಸಾಹೇಬರು ಇದೇನೆಂದು ಹುಬ್ಬೇರಿಸಿದರು. ಅಪ್ಪ ಗಲ್ಲಾ ಎತ್ತಿಕೊಳ್ಳಲು ಬಾಗಿದ. ತಾತ ಮುಂದೆ ಹೋಗಿ, ಶೆಡ್ಡಿನಲ್ಲಿ ಬೆಂಕಿಯಿಲ್ಲ ಸಾರ್, ಇರುವುದು ನನ್ನ ಕಾವಲಿನಲ್ಲಿದೆ ಎಂದರು. ಸಾಹೇಬರು ಬೂಟು ಕಳಚಿ ದೀಪಕ್ಕೆ ಕೈಮುಗಿದು ಜೀಪು ಹತ್ತಿದರು.

ನಾನು ಮೊದಲ ಕರ್ಚಿಕಾಯಿಯನ್ನು ತಾತನಿಗೆ ಕೊಟ್ಟೆ. ತಮ್ಮ ಊರಿನಲ್ಲಿ ಇದಕ್ಕೆ ಕಜ್ಜಿಕಾಯಿ ಅನ್ನುತ್ತಾರೆ, ಕೆಲಸಕ್ಕೆ ಸೇರಿದ ಮೇಲೆ ದೀಪಾವಳಿಗೆ ಮನೆಯಲ್ಲಿದ್ದದ್ದೇ ಇಲ್ಲ ಎಂದು ಅವರು ಹೇಳಿದರು. ಊರೆಲ್ಲ ಹಬ್ಬ ಮಾಡುವ ದಿನ ಅವರು ಫೈರಿಂಜಿನ್ನಿನ ಪಕ್ಕ ನಿಂತಿರಬೇಕು. ಅವ್ವನಿಗೆ ಅವರ ತೆಲುಗು ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಮುಖ ನೋಡಿ ತಿಳಿದುಕೊಂಡಳು. ಡಬ್ಬಿಯನ್ನೇ ಅವರ ಕೈಗಿತ್ತಳು. ನನಗೆ ಒಂದೂ ಉಳಿಯಲಿಲ್ಲ ಎಂಬ ಹೊಟ್ಟೆಯುರಿ ಅಂದು ಇತ್ತು. ಇಂದಿಗೂ ಸ್ವಲ್ಪ ಇದೆ.

ಆಮೇಲೆ ಅದೇ ಪದ್ಧತಿಯಾಯಿತು. ತಾತ ಬೇರೆ ಊರಿಗೆ ವರ್ಗವಾಗಿ ಹೋಗುವಾಗ ಮುಂದಿನವರಿಗೆ ಹೇಳಿಹೋದರಂತೆ: ಅಮಾವಾಸ್ಯೆ ಸಂಜೆ ಒಬ್ಬ ತಾಯಿ ದೀಪ ತರುತ್ತಾಳೆ, ಮೆಟ್ಟಿಲು ತೊಳೆದಿಡಿ. ಅವ್ವ ಹೋಗುವಷ್ಟರಲ್ಲಿ ಕಬ್ಬಿಣದ ಮೆಟ್ಟಿಲು ಒದ್ದೆಯಾಗಿ ಹೊಳೆಯುತ್ತಿರುತ್ತಿತ್ತು. ಮದುವೆಯಾಗಿ ಬಳ್ಳಾರಿಗೆ ಹೋಗುವವರೆಗೂ ಆಕೆಯ ಸೆರಗು ಹಿಡಿದು ನಡೆದವಳು ನಾನೇ.

ಅವ್ವ ಈಗ ಇಲ್ಲ. ಆಕೆ ತೀರಿಕೊಂಡ ವರ್ಷ ಅಪ್ಪ ಲೈಸೆನ್ಸಿಗೆ ಅರ್ಜಿಯನ್ನೇ ಹಾಕಲಿಲ್ಲ; "ದೀಪ ತರೋರು ಯಾರ್ ಅದಾರ?" ಎಂದು ಒಂದೇ ಮಾತು ಹೇಳಿದ. ಲಾಟೀನನ್ನು ನನ್ನ ಕೈಗೆ ಕೊಟ್ಟ. ಅದು ಬಳ್ಳಾರಿಯ ನನ್ನ ಮನೆಯ ಶೋಕೇಸಿನಲ್ಲಿದೆ. ಬಂದವರು ಚಂದ ಐತಿ ಅನ್ನುತ್ತಾರೆ, ಎಲ್ಲಿ ತಗೊಂಡ್ರಿ ಎಂದು ಕೇಳುತ್ತಾರೆ.

ಹೋದ ದೀಪಾವಳಿಗೆ ಆದವಾನಿಗೆ ಹೋಗಿದ್ದೆ. ಮಗಳು ಸುರುಸುರುಬತ್ತಿ ಬೇಕೆಂದು ಹಟ ಹಿಡಿದಳು, ಮೈದಾನಕ್ಕೆ ಕರೆದುಕೊಂಡು ಹೋದೆ. ರೂಲುಗಳು ಇದ್ದಂತೆಯೇ ಇವೆ. ತಗಡಿನ ಶೆಡ್ಡು, ಉಸುಕಿನ ಬಕೀಟು, ಮುಂದೆ ಖಾಲಿ ಡಬ್ಬಿ. ಶೆಡ್ಡುಗಳ ಮೂಲೆಯಲ್ಲಿ ಮಿಣಮಿಣ ಎನ್ನುವ ಬ್ಯಾಟರಿ ದೀಪಗಳು. ಅವುಗಳ ಮೇಲೆ ನನಗೇನೂ ಸಿಟ್ಟಿಲ್ಲ, ಅವು ಯಾರನ್ನೂ ಸುಡುವುದಿಲ್ಲ. ಗೇಟಿನ ಹೊರಗೆ ಫೈರಿಂಜಿನ್ನು ನಿಂತಿತ್ತು. ಅದರ ಮೆಟ್ಟಿಲ ಮೇಲೆ ಯಾರೋ ಚಪ್ಪಲಿ ಬಿಟ್ಟಿದ್ದರು.

ಗೇಟಿನಲ್ಲಿ ಮೀಸೆ ಈಗಷ್ಟೇ ಚಿಗುರಿದ ಕಾನ್‌ಸ್ಟೇಬಲ್ ನನ್ನ ಕೈಚೀಲದ ಕಡೆ ನೋಡಿ, ದಿನವೆಲ್ಲ ಕೇಳಿ ಕೇಳಿ ಬೇಸತ್ತ ದನಿಯಲ್ಲಿ ಕೇಳಿದ: "ಬೆಂಕಿ ಏನಾದ್ರೂ ತಂದೀರೇನಮ್ಮಾ?"

ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು. ನಾನು ಕೈಚೀಲ ತೆರೆದು ತೋರಿಸಿದೆ.

"ಇಲ್ಲಪ್ಪಾ," ಎಂದೆ. "ಏನೂ ತಂದಿಲ್ಲ."